ನೋಡಿ ನುಡಿಸುವುದು

ಐದು ಗೆರೆಗಳಲ್ಲಿ ಮೇಲಿನಿಂದ ಎರಡನೆಯದರ ಮೇಲೆ ಕೂತ ಚುಕ್ಕೆಗೆ ಬಲಗೈಯ ಸಾಲಿನಲ್ಲಿ ಡಿ ಎಂದು ಹೆಸರು. ಅದೇ ಚುಕ್ಕೆ, ಅದೇ ಎರಡನೆಯ ಗೆರೆಯ ಮೇಲೆ, ಎಡಗೈಯ ಸಾಲಿನಲ್ಲಿ ಕೂತರೆ ಎಫ್. ಕಲಿಯಲು ಶುರುಮಾಡಿ ಎಂಟು ತಿಂಗಳಾಗಿದ್ದರೂ ಪಾರ್ವತಿಗೆ ಇದು ಶುದ್ಧ ತಲೆಹರಟೆಯೆಂದೇ ಅನ್ನಿಸುತ್ತಿತ್ತು. ಕಾಲೀಘಾಟ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿ ಹೆಂಗಸರ ಸೀಟಿನಲ್ಲಿ ಕೂತವಳು ಕೈಚೀಲದೊಳಗಿನ ನೋಟ್‌ಬುಕ್ಕನ್ನು ಹೊರಗೆ ತೆಗೆಯದೆ, ಅಲ್ಲೇ ಅರ್ಧ ತೆರೆದು ಇಣುಕಿ ನೋಡುತ್ತಿದ್ದಳು. ಐವತ್ನಾಲ್ಕು ವರ್ಷದ, ಮೂಗುಬೊಟ್ಟಿನ ಹೆಂಗಸೊಬ್ಬಳು ಚೀಲದೊಳಗೆ ಮುಖ ಹಾಕಿ ತುಟಿ ಅಲ್ಲಾಡಿಸುವುದನ್ನು ಕಂಡು ಎದುರಿನ ಹುಡುಗಿಯರು ನಕ್ಕರೋ, ತಮ್ಮದೇ ಮಾತಿಗೆ ನಕ್ಕರೋ, ಅವಳು ಚೀಲ ಮುಚ್ಚಿಬಿಟ್ಟಳು. ಇವತ್ತು ಶನಿವಾರ. ಹತ್ತೂವರೆಗೆ ಎಲಿಯಟ್ ರೋಡಿನಲ್ಲಿ ಮಿಸ್ ಗ್ರೆಗರಿಯವರ ಮನೆಯಲ್ಲಿ ಪಿಯಾನೋ ಪಾಠ. ಒಂದು ಗಂಟೆಗೆ ಲೇಕ್ ಮಾರ್ಕೆಟ್ಟಿನ ಗಣಪಯ್ಯನ ಹೋಟೆಲಿಗೆ ನಮ್ರತಾ ಬರುತ್ತಾಳೆ. ಹದಿನೈದು ದಿನಕ್ಕೊಮ್ಮೆ ಬಂದು, ಎದುರು ಕೂತು ತಿಂಡಿ ತಿಂದು, ಆರೋಗ್ಯ ವಿಚಾರಿಸಿ, ನ್ಯೂ ಟೌನಿನ ತನ್ನ ಫ್ಲಾಟಿಗೆ ಹೊರಟುಹೋಗುವ ಮಗಳು. ಹೋಟೆಲಿನಿಂದ ಪಾರ್ವತಿಯ ಮನೆಗೆ ಐದು ನಿಮಿಷದ ದಾರಿ. ಎರಡು ವರ್ಷದಲ್ಲಿ ಆ ಐದು ನಿಮಿಷವನ್ನು ಅವಳು ನಡೆದದ್ದು ಒಂದೇ ಸಲ. ಇವತ್ತು ಅವಳನ್ನು ಮನೆಗೆ ಕರೆದುಕೊಂಡು ಹೋಗಬೇಕು. ಅದಕ್ಕೆ ಮುಂಚೆ ಮಿಸ್ ಗ್ರೆಗರಿಯವರಿಗೆ ಒಂದು ಮಾತು ಹೇಳಬೇಕು. ಆ ಮಾತು ಹೇಳದೆ ಹನ್ನೆರಡು ವರ್ಷವಾಗಿದೆ.

ಮೈಸೂರಿನಲ್ಲಿ ಹಿರಿಯಣ್ಣ ಮೇಷ್ಟ್ರು ಅವಳನ್ನು ಏಕಪಾಠಿ ಎಂದು ಕರೆಯುತ್ತಿದ್ದರು. ಒಂದು ಸಲ ಕಿವಿಗೆ ಬಿದ್ದರೆ ಸಾಕು, ವರ್ಣವೋ ಕೀರ್ತನೆಯೋ ಹಾಗೆಹಾಗೇ ಹೊರಗೆ ಬರಬೇಕು. ನಡುವೆ ಮೇಷ್ಟ್ರು ಕೆಮ್ಮಿದ್ದರೆ ಯಾವ ಸ್ವರದ ಮೇಲೆ ಕೆಮ್ಮಿದರೆಂಬುದೂ ಅವಳಿಗೆ ನೆನಪಿರುತ್ತಿತ್ತು. ಜೊತೆಯಲ್ಲಿ ಕಲಿಯುತ್ತಿದ್ದ ಹುಡುಗಿಯೊಬ್ಬಳು ಬರೆದುಕೊಳ್ಳಲು ನೋಟ್‌ಬುಕ್ ತೆಗೆದಾಗ ಮೇಷ್ಟ್ರು ಅದನ್ನು ಕಸಿದು ಕಿಟಕಿಯಿಂದಾಚೆ ಎಸೆದು, "ಕಣ್ಣಲ್ಲಿ ಹಾಡ್ತೀಯೇನೇ?" ಎಂದು ಗದರಿದ್ದರು. ಪಾರ್ವತಿ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಿದ್ದಳು. ಹದಿನಾಲ್ಕರ ವಯಸ್ಸಿನ ಆ ಜಂಬ ಮದುವೆಯಾಗಿ ಕಲ್ಕತ್ತೆಗೆ ಬಂದಮೇಲೂ ಇಳಿಯಲಿಲ್ಲ. ಇಳಿಯಲು ಕಾರಣವೂ ಇರಲಿಲ್ಲ, ಯಾಕೆಂದರೆ ಇಲ್ಲಿ ಕೇಳುವವರೇ ಇರಲಿಲ್ಲ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಎಂಜಿನಿಯರಾಗಿದ್ದ ಗಂಡ ರಾಜಗೋಪಾಲ, ಗಾರ್ಡನ್ ರೀಚಿನ ಕ್ವಾರ್ಟರ್ಸು, ವರ್ಷಕ್ಕೊಮ್ಮೆ ಬೊಂಬೆ ಕೂರಿಸಿದಾಗ ನಾಲ್ಕು ಹೆಂಗಸರ ಮುಂದೆ ಎರಡು ದೇವರನಾಮ. ಅಷ್ಟಕ್ಕೇ ಅವಳ ಹಾಡು ನಿಂತಿತ್ತು. ನಮ್ರತಾಗೆ ಎಂಟು ವರ್ಷವಾದಾಗ ರಾಜಗೋಪಾಲ ಯಾವುದೋ ಹರಾಜಿನಲ್ಲಿ ಒಂದು ಹಳೇ ಪಿಯಾನೋ ಹಿಡಿದುಕೊಂಡು ಬಂದರು. ಮಗಳು ಕಲಿಯಲಿ ಎಂದರು. ಮಗಳಿಗೆ ಅಪ್ಪ ಅಂದರೆ ಪ್ರಾಣ, ಅಪ್ಪ ಹೇಳಿದ್ದಾದರೆ ಆಯಿತು. ಅವಳು ಪಾಠಕ್ಕೆ ಹೋಗುತ್ತಿದ್ದ ಮಿಸ್ ಗ್ರೆಗರಿಯವರ ಕೋಣೆಯ ಮೂಲೆಯಲ್ಲಿ ಒಂದು ಬೆತ್ತದ ಕುರ್ಚಿ ಇತ್ತು. ಪಾರ್ವತಿ ಕಾಯಲೆಂದು ಅದರಲ್ಲಿ ಕೂತಳು. ಕಾಯಲು ಕೂತವಳ ಕಿವಿ ಸುಮ್ಮನಿರಲಿಲ್ಲ.

ನೇತಾಜಿ ಭವನ ಸ್ಟೇಷನ್ ದಾಟಿತು. ಮಿಸ್ ಗ್ರೆಗರಿ ಹೊಸ ಪಾಠ ಕೊಡುವಾಗ ಒಂದು ಸಲ ತಾವೇ ನುಡಿಸಿ ತೋರಿಸುತ್ತಿದ್ದರು. ಒಂದೇ ಸಲ. ಪಾರ್ವತಿಗೆ ಅಷ್ಟು ಬೇಕಾದಷ್ಟಾಯಿತು. ಮನೆಗೆ ಬಂದು ಮಗಳು ಪುಸ್ತಕ ತೆರೆದು, ಬೆರಳಿನಿಂದ ಗೆರೆ ಎಣಿಸುತ್ತ, ಇದು ಯಾವುದು, ಇದು ಯಾವುದು ಎಂದು ಒದ್ದಾಡುವುದನ್ನು ನೋಡಿ ಅವಳಿಗೆ ತಡೆಯಲಾಗಲಿಲ್ಲ. ಒಗ್ಗರಣೆ ಸೌಟು ಕೈಯಲ್ಲೇ ಹಿಡಿದು ಅಡುಗೆಮನೆಯಿಂದ ಬಂದು ಬಲಗೈಯ ಸಾಲನ್ನು ಸ್ವರ ಹಾಕಿ ಹಾಡಿದಳು. ಎಡಗೈಯದನ್ನು ಕೆಳಗಿನ ಸ್ಥಾಯಿಯಲ್ಲಿ ಗುನುಗಿ ತೋರಿಸಿದಳು. ಮಗು ತಾಯಿಯ ಕಿವಿಯನ್ನೇ ಹೊತ್ತು ಹುಟ್ಟಿತ್ತು. ಮೂರನೆಯ ಸಲಕ್ಕೆ ಎರಡೂ ಕೈ ಕೂಡಿಸಿ ನುಡಿಸಿಬಿಟ್ಟಿತು. ಆ ಸಂತೋಷ ಎಂಥದೆಂದು ಯಾರಿಗೆ ಹೇಳುವುದು? ಹದಿನೈದು ವರ್ಷದಿಂದ ಯಾರಿಗೂ ಬೇಡವಾಗಿದ್ದ ಕಿವಿ ಈಗ ಮಗಳ ಹತ್ತು ಬೆರಳಲ್ಲಿ ಓಡಾಡುತ್ತಿತ್ತು. ಹೀಗೆ ನಾಲ್ಕು ವರ್ಷ. ಪುಸ್ತಕ ಎದುರಿಗೆ ತೆರೆದಿರುತ್ತಿತ್ತು, ಅದರ ಮರ್ಯಾದೆಗೆ. ಹಾಳೆ ಎಲ್ಲಿ ಮುಗಿಯುತ್ತದೆಂದು ಪಾರ್ವತಿ ಮಿಸ್ ಗ್ರೆಗರಿಯವರ ಕೈ ನೋಡಿ ಗುರುತಿಟ್ಟುಕೊಂಡಿರುತ್ತಿದ್ದಳು. ಮನೆಯಲ್ಲಿ ಹಾಡುತ್ತ ಹಾಡುತ್ತ, ಸ್ವರದ ನಡುವೆಯೇ, "ಇಲ್ಲಿ ತಿರುವು" ಎನ್ನುತ್ತಿದ್ದಳು. ನಮ್ರತಾ ತರಗತಿಯಲ್ಲಿ ಸರಿಯಾಗಿ ಅಲ್ಲೇ ಹಾಳೆ ತಿರುವುತ್ತಿದ್ದಳು. ಮಿಸ್ ಗ್ರೆಗರಿ ಮೆಚ್ಚಿ ತಲೆಯಾಡಿಸುತ್ತಿದ್ದರು. ಅದು ಮೋಸ ಎಂದು ಒಂದು ದಿನವೂ ಪಾರ್ವತಿಗೆ ಅನ್ನಿಸಿರಲಿಲ್ಲ. ಕಲಿಯುವುದೆಂದರೆ ಹಾಗೇ ತಾನೆ, ಒಬ್ಬರು ಹಾಡಬೇಕು, ಇನ್ನೊಬ್ಬರು ಅದನ್ನು ಹಿಡಿಯಬೇಕು. ಅವಳಿಗೆ ಗೊತ್ತಿದ್ದದ್ದು ಅದೊಂದೇ ದಾರಿ. ಆದರೆ ಹಾಳೆ ತಿರುವುವುದನ್ನು ಯಾಕೆ ಹೇಳಿಕೊಟ್ಟೆ ಎಂದು ಕೇಳಿದರೆ ಅದಕ್ಕೆ ಅವಳಲ್ಲಿ ಉತ್ತರವಿಲ್ಲ.

ಪಾರ್ಕ್ ಸ್ಟ್ರೀಟಿನಲ್ಲಿ ಇಳಿದು, ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದು, ನಡೆಯತೊಡಗಿದಳು. ಮಗಳ ಪಿಯಾನೋ ಪರೀಕ್ಷೆಯ ದಿನ ಇಂಥದೇ ಬಿಸಿಲಿತ್ತು. ಲಂಡನ್ನಿನಿಂದ ಬಂದ ಪರೀಕ್ಷಕ ಒಳಗೆ, ತಾಯಂದಿರೆಲ್ಲ ಹೊರಗಿನ ಕಾರಿಡಾರಿನಲ್ಲಿ. ನಮ್ರತಾಗೆ ಹನ್ನೆರಡು. ಬಾಗಿಲ ಹಿಂದಿನಿಂದ ಮೂರು ಪಾಠಗಳು ಒಂದರ ಹಿಂದೊಂದು ಬಂದವು, ಒಂದು ಕೂದಲೆಳೆಯೂ ಸಡಿಲವಿಲ್ಲದೆ. ಪಕ್ಕದಲ್ಲಿ ಕೂತಿದ್ದ ಬಂಗಾಳಿ ಹೆಂಗಸು ಪಾರ್ವತಿಯ ಕೈ ಹಿಡಿದು, ಎಷ್ಟು ಚೆನ್ನಾಗಿ ನುಡಿಸುತ್ತಾಳೆ ನಿಮ್ಮ ಮಗಳು ಎಂದಳು. ಆಮೇಲೆ ನಿಶ್ಶಬ್ದ. ಮಕ್ಕಳು ಹಿಂದೆಂದೂ ಕಾಣದ ಒಂದು ಹಾಳೆಯನ್ನು ಎದುರಿಗಿಟ್ಟು, ನೋಡಲು ಅರ್ಧ ನಿಮಿಷ ಕೊಟ್ಟು, ನುಡಿಸು ಅನ್ನುತ್ತಾರೆ. ಅರ್ಧ ನಿಮಿಷ ಆಯಿತು. ಒಂದು ನಿಮಿಷ ಆಯಿತು. ಒಳಗಿನಿಂದ ಪರೀಕ್ಷಕನ ಮೆದು ಧ್ವನಿ ಏನೋ ಹೇಳಿತು. ಮತ್ತೆ ನಿಶ್ಶಬ್ದ. ಪಾರ್ವತಿಗೆ ಕಾರಿಡಾರಿನಲ್ಲಿ ಕೂತಲ್ಲೇ ಎಲ್ಲ ಅರ್ಥವಾಯಿತು. ಹೊರಗೆ ಬಂದ ಮಗು ಅಳುತ್ತಿರಲಿಲ್ಲ. ಏನೋ ಒಂದು ವಿಚಿತ್ರ ನಡೆದುಹೋಯಿತೆಂಬಂತೆ ಕಣ್ಣು ಅಗಲಿಸಿ, "ಅಮ್ಮಾ, ಅದು ಹೇಗೆ ಹೋಗತ್ತೆ ಅಂತ ಯಾರೂ ಹೇಳ್ಲೇ ಇಲ್ಲ" ಎಂದಿತು. ಬಂಗಾಳಿ ಹೆಂಗಸು ಕೇಳಿಸಿಕೊಳ್ಳುತ್ತಿದ್ದಾಳೆಂದು ಪಾರ್ವತಿ ಮಗುವಿನ ತೋಳು ಹಿಡಿದು ಬೇಗಬೇಗ ಮೆಟ್ಟಿಲಿಳಿಸಿದಳು. ಮುಂದಿನ ವಾರ ಮಿಸ್ ಗ್ರೆಗರಿ, ಎಳೆ ಮಕ್ಕಳಿಗೆ ಮೊದಲ ತಿಂಗಳಲ್ಲಿ ಕೊಡುವ ಪುಟವೊಂದನ್ನು ನಮ್ರತಾ ಎದುರಿಗಿಟ್ಟು, ಅದನ್ನೂ ಓದಲಾರಳೆಂದು ಕಂಡು, ಪಿಯಾನೋದ ಮುಚ್ಚಳ ಹಾಕಿದರು. "ಈ ಹುಡುಗಿ ನಾಲ್ಕು ವರ್ಷ ನನಗೆ ಮೋಸ ಮಾಡಿದ್ದಾಳೆ" ಎಂದರು, ಇಂಗ್ಲಿಷಿನಲ್ಲಿ, ಜೋರು ಮಾಡದೆ. ಮತ್ತೆ ಬೆತ್ತದ ಕುರ್ಚಿಯ ಕಡೆ ನೋಡಿದರು. ಪಾರ್ವತಿ ಎದ್ದು ನಿಂತು, "ನನಗೂ ಗೊತ್ತಿರಲಿಲ್ಲ, ಮಿಸ್" ಎಂದಳು. ನಮ್ರತಾ ತಲೆ ತಗ್ಗಿಸಿ ತನ್ನ ಬೂಟು ನೋಡುತ್ತಿದ್ದಳು. ನೀನೇ ಹೇಳಿಕೊಟ್ಟೆಯಲ್ಲಮ್ಮ ಎಂದು ಒಂದು ಮಾತು ಆಡಲಿಲ್ಲ. ಆಡಿದ್ದರೆ ಚೆನ್ನಾಗಿತ್ತು ಎಂದು ಪಾರ್ವತಿ ಎಷ್ಟೋ ವರ್ಷ ಅಂದುಕೊಂಡಿದ್ದಾಳೆ.

ಮಿಸ್ ಗ್ರೆಗರಿಯವರ ಮನೆಯ ಮುಂದಿನ ಕೋಣೆಯಲ್ಲಿ ತನ್ನ ಮಗಳಿಗಾಗಿ ಕಾಯುತ್ತಿದ್ದ ಎಳೆ ವಯಸ್ಸಿನ ತಾಯಿಯೊಬ್ಬಳು ಬಂಗಾಳಿಯಲ್ಲಿ, "ಮಾಶಿಮಾ, ನೀವು ಯಾರನ್ನು ಕರೆದುಕೊಂಡು ಬಂದಿದ್ದೀರಿ?" ಎಂದು ಪ್ರೀತಿಯಿಂದಲೇ ಕೇಳಿದಳು. "ಮೊಮ್ಮಗಳು, ಆಮೇಲೆ ಬರ್ತಾಳೆ" ಎಂದುಬಿಟ್ಟಳು ಪಾರ್ವತಿ. ಹೇಳಿದ ಮೇಲೆ ಕಿವಿ ಬಿಸಿಯಾಯಿತು. ಇನ್ನು ಐದು ನಿಮಿಷಕ್ಕೆ ಒಳಗೆ ಹೋಗಿ ಎಡವುತ್ತ ನುಡಿಸುವವಳು ತಾನೇ ಎಂದು ಇವಳಿಗೆ ಗೊತ್ತಾಗುತ್ತದೆ. ಇಷ್ಟು ಸಲೀಸಾಗಿ ಬಾಯಿಗೆ ಬರುತ್ತದಲ್ಲ ಸುಳ್ಳು ತನಗೆ ಎಂದು ಅವಳಿಗೆ ಹೇಸಿಗೆಯಾಯಿತು. ಎಂಟು ತಿಂಗಳ ಹಿಂದೆ ತಾನೇ ಕಲಿಯಲೆಂದು ಮೊದಲ ಸಲ ಬಂದಾಗ ಮಿಸ್ ಗ್ರೆಗರಿ ಕನ್ನಡಕ ಸರಿಮಾಡಿಕೊಂಡು, "ನಾವು ಮೊದಲು ಎಲ್ಲಾದರೂ ಭೇಟಿಯಾಗಿದ್ದೇವೆಯೇ?" ಎಂದು ಕೇಳಿದ್ದಾಗಲೂ ಹೀಗೇ, "ಇರಲಾರದು" ಎಂದಿದ್ದಳು. ರಾಜಗೋಪಾಲ ತೀರಿಕೊಂಡು, ಕ್ವಾರ್ಟರ್ಸು ಬಿಟ್ಟು, ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಎರಡನೆಯ ಮಹಡಿಯ ಬಾಡಿಗೆ ಮನೆ ಹಿಡಿದಾಗ ಆ ಪಿಯಾನೋವನ್ನು ಮಾರಬಹುದಿತ್ತು. ಎಂಟು ಆಳು ಹಗ್ಗ ಕಟ್ಟಿ ಮೇಲೇರಿಸಿದರು. ನಮ್ರತಾ ಆವತ್ತೊಂದು ದಿನ ಬಂದಿದ್ದಳು. ಗೋಡೆಗೆ ಒರಗಿಸಿಟ್ಟ ಪಿಯಾನೋ ನೋಡಿ, "ಇದನ್ನ ಯಾಕೆ ಹೊತ್ಕೊಂಡ್ ಬಂದೆ?" ಎಂದವಳು, ನೀರೂ ಕುಡಿಯದೆ, ಕೆಲಸವಿದೆ ಎಂದು ಇಳಿದುಹೋದಳು. ಅವಳು ಹೋದಮೇಲೆ ಪಾರ್ವತಿ ಮುಚ್ಚಳ ತೆಗೆದು, ಹಳೇ ಪುಸ್ತಕ ಎದುರಿಗಿಟ್ಟುಕೊಂಡು ಕೂತಳು. ನುಡಿಸಲಲ್ಲ. ಆವತ್ತು ಬಾಗಿಲ ಹಿಂದೆ ಆ ಮಗು ಏನನ್ನು ನೋಡುತ್ತ ಕೂತಿತ್ತೋ ಅದನ್ನು ನೋಡಲು. ಕಪ್ಪು ಚುಕ್ಕೆಗಳು, ಗೆರೆಗಳು. ಒಂದೂ ಏನೂ ಹೇಳಲಿಲ್ಲ.

"ಕಮ್, ಡಿಯರ್" ಎಂದು ಒಳಗಿನಿಂದ ಕರೆ ಬಂತು. ಮಿಸ್ ಗ್ರೆಗರಿಗೆ ಈಗ ಎಪ್ಪತ್ತೆಂಟು. ಶಿಷ್ಯೆಯ ಕಿವಿಯೇ ಅವಳ ಕಣ್ಣಿಗೆ ಶತ್ರುವೆಂದು ಅವರು ಎರಡನೆಯ ವಾರಕ್ಕೇ ಕಂಡುಕೊಂಡಿದ್ದರು. ಮೂರು ಸ್ವರ ಓದುವಷ್ಟರಲ್ಲಿ ನಾಲ್ಕನೆಯದು ಹೀಗೇ ಇರಬೇಕೆಂದು ಕಿವಿ ತೀರ್ಮಾನ ಮಾಡಿ, ಕೈ ಅಲ್ಲಿಗೆ ಹೋಗಿಬಿಡುತ್ತಿತ್ತು. ಹಾಳೆಯಲ್ಲಿ ಬೇರೆಯೇ ಇರುತ್ತಿತ್ತು. ಅದಕ್ಕೇ ಅವರು ವಾರಕ್ಕೊಂದರಂತೆ ತಾವೇ ಕೂತು ನಾಲ್ಕು ಆವರ್ತದ ಪಾಠ ಬರೆಯುತ್ತಿದ್ದರು, ರಾಗವೇ ಇಲ್ಲದ್ದು, ಯಾವ ಕಿವಿಯೂ ಊಹಿಸಲಾಗದಂತೆ ಎತ್ತೆತ್ತಲೋ ತಿರುಗುವಂಥದ್ದು. ನುಡಿಸಿ ತೋರಿಸುತ್ತಿರಲಿಲ್ಲ. ಪಾರ್ವತಿ ಕೈ ನೋಡದಿರಲೆಂದು ಬೆರಳುಗಳ ಮೇಲೆ ಪತ್ರಿಕೆಯ ಹಾಳೆ ಹರಡುತ್ತಿದ್ದರು. ನುಡಿಸಿ ಮುಗಿದ ಆವರ್ತವನ್ನು ಹಳೇ ಕ್ರಿಸ್ಮಸ್ ಕಾರ್ಡಿನಿಂದ ಮುಚ್ಚುತ್ತ ಬರುತ್ತಿದ್ದರು. ತಪ್ಪಿದರೆ ತಪ್ಪಲಿ, ತಿದ್ದಲು ಹಿಂದಕ್ಕೆ ಹೋಗುವ ಹಾಗಿಲ್ಲ, ನಿಲ್ಲುವ ಹಾಗೂ ಇಲ್ಲ. ಇದೊಂದು ಕಟ್ಟಳೆ ಪಾರ್ವತಿಗೆ ಬಹಳ ಕಷ್ಟವಾಗುತ್ತಿತ್ತು. ಅಪಸ್ವರ ಬಿದ್ದರೆ ಅವಳ ಮೈ ತಾನಾಗಿ ಹಿಂದಕ್ಕೆ ಎಳೆಯುತ್ತಿತ್ತು. ಇವತ್ತು ಹೊಸ ಪುಟ ಇಟ್ಟು, "ಅರ್ಧ ನಿಮಿಷ" ಎಂದು ಅವರು ತಮ್ಮ ಕೈಗಡಿಯಾರ ನೋಡಿಕೊಂಡರು. ಬಲಗೈ, ಮೂರನೆಯ ಗೆರೆ, ಬಿ. ಎಡಗೈ, ಮೇಲಿನಿಂದ ಎರಡನೆಯದು, ಎಫ್, ಡಿ ಅಲ್ಲ. ಮುಂದೆ ಏರುತ್ತದೆ, ಇಲ್ಲ, ಇಳಿಯುತ್ತದೆ. ಯಾರೂ ಮುಂದೆ ಹೋಗಿ ದಾರಿ ತೋರಿಸಿಲ್ಲ, ಹಿಂದೆ ಯಾರೂ ಇಲ್ಲ, ಒಂದು ಚುಕ್ಕೆ ಮತ್ತೊಂದು ಚುಕ್ಕೆ ಅಷ್ಟೇ. ನುಡಿಸಿದಳು. ಎರಡನೆಯ ಆವರ್ತದಲ್ಲಿ ಕಿವಿ ಒಂದು ಸ್ವರ ಕೇಳಿತು, ಕಣ್ಣು ಇನ್ನೊಂದು ಹೇಳಿತು, ಅವಳು ಕಣ್ಣಿನ ಮಾತು ಕೇಳಿದಳು. ನಾಲ್ಕೂ ಆವರ್ತ ಮುಗಿದವು. ಕೇಳಲು ಚೆನ್ನಾಗಿರಲಿಲ್ಲ. ಸರಿಯಾಗಿತ್ತು.

"ದೇರ್!" ಎಂದು ಮಿಸ್ ಗ್ರೆಗರಿ ಕಾರ್ಡಿನಿಂದ ಅವಳ ಭುಜಕ್ಕೆ ಮೆಲ್ಲಗೆ ತಟ್ಟಿದರು. ಪಾರ್ವತಿಗೆ ಕಣ್ಣಲ್ಲಿ ನೀರು ಬಂತು. ಎಷ್ಟು ಒಂಟಿ ಕೆಲಸ ಇದು ಎಂದುಕೊಂಡಳು. ಹನ್ನೆರಡು ವರ್ಷದ ಮಗುವನ್ನು ಏನೂ ಕಲಿಸದೆ ಇದರೊಳಗೆ ಒಬ್ಬಳನ್ನೇ ತಳ್ಳಿ ಬಾಗಿಲು ಹಾಕಿದ್ದೆನಲ್ಲ. ಅಳು ಬಂದ ಆ ಭರದಲ್ಲೇ ಹೇಳಿದಳು. ನಿಮ್ಮಲ್ಲಿ ನಮ್ರತಾ ಅಂತ ಒಬ್ಬಳು ಕಲಿಯುತ್ತಿದ್ದಳು, ನಾನು ಅವಳ ತಾಯಿ, ಆ ಮೂಲೆಯಲ್ಲಿ ಕೂರುತ್ತಿದ್ದೆ. ನೀವು ನುಡಿಸಿದ್ದನ್ನು ಮನೆಗೆ ಹೋಗಿ ನಾನು ಹಾಡುತ್ತಿದ್ದೆ. ಹಾಳೆ ಎಲ್ಲಿ ತಿರುವಬೇಕೆಂದು ಕೂಡ ನಾನೇ ಹೇಳಿಕೊಟ್ಟೆ. ನಿಮಗೆ ಮೋಸ ಮಾಡಿದ್ದು ಮಗುವಲ್ಲ, ನಾನು. ಇಂಗ್ಲಿಷಿನಲ್ಲಿ ಇಷ್ಟನ್ನೂ ಎಷ್ಟೋ ಸಲ ಮನಸ್ಸಿನಲ್ಲಿ ಸಾಲು ಜೋಡಿಸಿಟ್ಟಿದ್ದರಿಂದ ತಡವರಿಸದೆ ಬಂತು. ಮಿಸ್ ಗ್ರೆಗರಿ ಪೂರ್ತಿ ಕೇಳಿಸಿಕೊಂಡರು. ಕಿಟಕಿಯಾಚೆ ನೋಡಿ ನೆನಪು ಮಾಡಿಕೊಳ್ಳಲು ನಿಜವಾಗಿಯೂ ಪ್ರಯತ್ನಪಟ್ಟರು.

"ಎರಡು ಜಡೆ ಹಾಕಿಕೊಂಡು ಬರುತ್ತಿದ್ದಳೇ?"

"ಇಲ್ಲ, ಮಿಸ್. ಬಾಬ್ ಕಟ್."

"ಓದಲು ಬಾರದ ಮಕ್ಕಳು ನನ್ನ ಹತ್ತಿರ ಬಹಳ ಇದ್ದರು, ಡಿಯರ್. ಚೆನ್ನಾಗಿ ನುಡಿಸುತ್ತಿದ್ದಳೇ ಅವಳು?"

"ಬಹಳ ಚೆನ್ನಾಗಿ."

"ಹಾಗಾದರೆ ನನಗೆ ನೆನಪಿರಬೇಕಿತ್ತು" ಎಂದು ಮಿಸ್ ಗ್ರೆಗರಿ ಬೇಸರದಿಂದಲೇ ಹೇಳಿ, ನೋಟ್‌ಬುಕ್ಕಿನಲ್ಲಿ ಮುಂದಿನ ವಾರದ ತಾರೀಖು ಬರೆದರು.

ವಾಪಸು ಬರುವಾಗ ಮೆಟ್ರೋದಲ್ಲಿ ನಿಲ್ಲಲು ಮಾತ್ರ ಜಾಗವಿತ್ತು. ಕಂಬ ಹಿಡಿದು ನಿಂತ ಪಾರ್ವತಿಗೆ ಮೊದಲು ಹಗುರವೆನ್ನಿಸಿತು, ಆಮೇಲೆ ಅವಮಾನವೆನ್ನಿಸಿತು. ಹನ್ನೆರಡು ವರ್ಷ ಎದೆಯ ಮೇಲೆ ಹೊತ್ತುಕೊಂಡದ್ದನ್ನು ಕೊಂಡುಹೋಗಿ ಕೊಟ್ಟರೆ, ಅದು ನಮ್ಮ ಮನೆಯದಲ್ಲ ಎಂದು ವಾಪಸು ಕೊಟ್ಟಂತಾಯಿತು. ಇರಲಿ, ಹೇಳಿದ್ದಂತೂ ಹೌದು. ಈಗ ಮಗಳಿಗೆ ಹೇಳಬಹುದು: ನೋಡು, ಅವರ ಮುಂದೆ ಒಪ್ಪಿಕೊಂಡು ಬಂದೆ, ನಾನೂ ಕಲಿಯುತ್ತಿದ್ದೇನೆ, ಇವತ್ತು ನಾಲ್ಕು ಆವರ್ತ ತಪ್ಪಿಲ್ಲದೆ ನೋಡಿ ನುಡಿಸಿದೆ. ಬಾ ಮನೆಗೆ, ಎಷ್ಟು ಕೆಟ್ಟದಾಗಿ ನುಡಿಸುತ್ತೇನೆ ಕೇಳು, ಕೇಳಿ ನಗು. ನಮ್ರತಾ ಹೇಗೆ ನಗಬಹುದೆಂದು ಊಹಿಸಿಕೊಂಡಳು. ಮಗಳಾಡುವ ಮಾತು, ತಾನಾಡುವ ಮಾತು, ಎರಡನ್ನೂ ಕಾಲೀಘಾಟ್ ಬರುವಷ್ಟರಲ್ಲಿ ಸಿದ್ಧಮಾಡಿಕೊಂಡಿದ್ದಳು. ಗಣಪಯ್ಯನ ಹೋಟೆಲಿಗೆ ಬಂದಾಗ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಗಲ್ಲೆಯ ಮೇಲೆ ಕೂತಿದ್ದ ಗಣಪಯ್ಯ, "ಎಂತ ಪಾರ್ವತಮ್ಮ, ಮಗಳು ಬಂದು ಕೂತು ಆಯ್ತು ಮಾರಾಯ್ರೆ. ನೀವೇ ಲೇಟು ಇವತ್ತು" ಎಂದು ಒಳಗೆ ಕೈ ತೋರಿಸಿದ.

ನಮ್ರತಾ ಗೋಡೆಯ ಪಕ್ಕದ ಮೇಜಿನಲ್ಲಿದ್ದಳು. ಶನಿವಾರವೂ ಕೊರಳಲ್ಲಿ ಆಫೀಸಿನ ಕಾರ್ಡು. ಸೆಕ್ಟರ್ ಫೈವಿನ ಅವಳ ಸಾಫ್ಟ್‌ವೇರ್ ಕಂಪನಿಯಲ್ಲಿ ಏನೋ ರಿಲೀಸ್ ಇದೆಯಂತೆ. ಕಣ್ಣ ಕೆಳಗೆ ಕಪ್ಪಾಗಿತ್ತು. ತಾಯಿಗೂ ಸೇರಿಸಿ ನೀರುದೋಸೆ ಹೇಳಿಟ್ಟಿದ್ದಳು. ಬಿಪಿ ಮಾತ್ರೆ ತಗೊಂಡ್ಯಾ, ಮನೆ ಓನರು ನೀರಿನ ಮೋಟಾರು ರಿಪೇರಿ ಮಾಡಿಸಿದರಾ, ಎಂದು ಒಂದೊಂದಾಗಿ ಕೇಳಿದಳು. ಪಾರ್ವತಿ ಒಂದೆರಡಕ್ಕೆ ಉತ್ತರ ಕೊಟ್ಟು, ಮೂರನೆಯದನ್ನು ಅರ್ಧಕ್ಕೆ ಬಿಟ್ಟು, ಚೀಲದಿಂದ ನೋಟ್‌ಬುಕ್ ತೆಗೆದು ಮೇಜಿನ ಮೇಲಿಟ್ಟಳು. ನಮ್ರತಾ ಒಂದು ಪುಟ ತೆರೆದು, ಗೆರೆ ಚುಕ್ಕೆಗಳನ್ನು ನೋಡಿ, ಮುಚ್ಚಿದಳು.

"ಯಾರದ್ದಿದು?"

"ನಂದು. ಮಿಸ್ ಗ್ರೆಗರಿ ಹತ್ರ ಹೋಗ್ತಾ ಇದೀನಿ. ಎಂಟು ತಿಂಗ್ಳಾಯ್ತು."

ಮಗಳು ನಗಲಿಲ್ಲ. ಪಾರ್ವತಿ ತಾನು ಸಿದ್ಧಮಾಡಿಕೊಂಡು ಬಂದದ್ದನ್ನೆಲ್ಲ ಹೇಳತೊಡಗಿದಳು. ಕ್ರಮ ತಪ್ಪಿತು. ಪತ್ರಿಕೆಯ ಹಾಳೆ ಹರಡುವುದನ್ನು ಮೊದಲು ಹೇಳಿದಳು, ಒಪ್ಪಿಕೊಂಡದ್ದನ್ನು ಕೊನೆಗೆ. ಅವರಿಗೆ ನಿನ್ನ ನೆನಪೇ ಇರಲಿಲ್ಲವೆಂಬುದನ್ನು ಬಿಟ್ಟುಬಿಡಬೇಕೆಂದಿದ್ದಳು, ಬಿಡಲಿಲ್ಲ. "ಆವತ್ತು ನಂಗೂ ಗೊತ್ತಿರ್ಲಿಲ್ಲ ಅಂದ್ಬಿಟ್ಟೆ ಕಣೇ, ನಿನ್ನ ಮುಂದೇನೇ. ಅದನ್ನ ನಾನು ಒಂದ್ ದಿನಾನೂ ಮರೆತಿಲ್ಲ. ತಪ್ಪು ನಂದು" ಎಂದಳು. ಹೇಳುವಾಗ ಧ್ವನಿ ಒಡೆಯಿತು, ಒಡೆದದ್ದು ಒಳ್ಳೆಯದೇ ಆಯಿತೆಂದು ಕೂಡ ಒಳಗೆ ಎಲ್ಲೋ ಅನ್ನಿಸಿ, ಹಾಗನ್ನಿಸಿದ್ದಕ್ಕೆ ನಾಚಿಕೆಯಾಯಿತು. ನಮ್ರತಾ ದೋಸೆಯನ್ನು ಚೂರು ಮಾಡುತ್ತ, ತಿನ್ನದೆ, ಕೇಳುತ್ತಿದ್ದಳು.

"ಅಮ್ಮ, ಪಿಯಾನೋ ಬಿಡು. ಮಿಸ್ ಗ್ರೆಗರಿ ಮುಂದೆ ನೀನ್ ಹಾಗಂದಿದ್ದು... ಐ ವಾಸ್ ಓಕೆ ವಿತ್ ದಟ್. ನಿಂಗೆ ಎಂಬರಾಸಿಂಗ್ ಆಗಿತ್ತು, ನಂಗೆ ಆವಾಗ್ಲೇ ಅರ್ಥ ಆಗಿತ್ತು. ಬಸ್ಸಲ್ಲಿ ನೀನು ಅಳ್ತಾ ಇದ್ದೆ, ನಾನೇ ನಿನ್ ಕೈ ಹಿಡ್ಕೊಂಡಿದ್ದೆ. ನಾವಿಬ್ರೇ ಇದ್ವಲ್ಲ, ಅದು ನಮ್ಮಿಬ್ರ ಸೀಕ್ರೆಟ್ ಅಂದ್ಕೊಂಡಿದ್ದೆ."

"ಮತ್ತೆ?"

"ಮತ್ತೆ ಏನು? ಮನೆಗ್ ಬಂದು ಅಪ್ಪಂಗೆ ಹೇಳಿದ್ಯಲ್ಲ."

"ಏನ್ ಹೇಳ್ದೆ?"

ನಮ್ರತಾ ತಲೆಯೆತ್ತಿ ಅವಳನ್ನು ನೋಡಿದಳು. ನಾಟಕವಾಡುತ್ತಿದ್ದಾಳೆಯೇ ಎಂದು ನೋಡಿದಳು ಮೊದಲು. ಆಡುತ್ತಿಲ್ಲವೆಂದು ಗೊತ್ತಾದಾಗ ಅವಳ ಮುಖ ಇನ್ನಷ್ಟು ಬಾಡಿತು. "ನಿಂಗೂ ಮಿಸ್ಸಿಗೂ ನಾನೇ ಮೋಸ ಮಾಡ್ದೆ ಅಂತ. ನಾನು ಸುಳ್ಳಿ ಅಂತ. ಆಮೇಲೆ ಅಪ್ಪ ನಂಗೆ ಬಯ್ಲಿಲ್ಲ, ಏನೂ ಮಾಡ್ಲಿಲ್ಲ. ನನ್ನ ನಂಬೋದ್ ಬಿಟ್ರು, ಅಷ್ಟೆ. ಮಾರ್ಕ್ಸ್ ಕಾರ್ಡ್ ತಂದ್ರೆ ಸ್ಕೂಲಿಗೆ ಫೋನ್ ಮಾಡಿ ಕೇಳೋರು, ನೆನಪಿಲ್ವಾ? ಕ್ಯಾಂಪಸಲ್ಲಿ ಜಾಬ್ ಸಿಕ್ತು ಅಂತ ಓಡಿ ಬಂದ್ರೆ ಲೆಟರ್ ತೋರ್ಸು ಅಂದ್ರು. ಲೆಟರಲ್ಲಿರೋ ನಂಬರಿಗೆ ಫೋನ್ ಮಾಡಿದ್ರು ಅಮ್ಮ, ನನ್ ಮುಂದೇನೇ. ನಾನ್ ಹೇಳಿದ್ದಕ್ಕೆಲ್ಲ ನಿನ್ ಮುಖ ನೋಡೋರು."

ಆಸ್ಪತ್ರೆಯಲ್ಲಿ, ಕೊನೆಯ ವಾರ, ನಮ್ರತಾ ರಾಜಗೋಪಾಲರ ಹಾಸಿಗೆಯ ಪಕ್ಕ ಬಗ್ಗಿ, "ಅಪ್ಪ, ಡಾಕ್ಟ್ರು ಚೆನ್ನಾಗಿದೀರ ಅಂದ್ರು" ಎಂದಿದ್ದಳು. ರಾಜಗೋಪಾಲ ಕಷ್ಟಪಟ್ಟು ತಲೆ ಹೊರಳಿಸಿ ಪಾರ್ವತಿಯ ಕಡೆ ನೋಡಿ, "ಹೌದೇನೇ?" ಎಂದು ಕೇಳಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ಪಾರ್ವತಿ ಯಾವುದನ್ನಾದರೂ ಪದಕದ ಹಾಗೆ ಎದೆಗೆ ಸಿಕ್ಕಿಸಿಕೊಂಡಿದ್ದರೆ ಅದು ಆ ಒಂದು ಮಾತು. ಪ್ರಾಣ ಹೋಗುವಾಗಲೂ ತನ್ನನ್ನೇ ಕೇಳಿದರು ಎಂದು ಅವಳು ಬಂದವರಿಗೆಲ್ಲ ಹೇಳಿಕೊಂಡಿದ್ದಳು. ಆಗ ಮಗಳು ಹಾಸಿಗೆಯ ಆಚೆ ಬದಿಯಲ್ಲಿ ನಿಂತಿದ್ದಳು. ಅವಳ ಮುಖ ಹೇಗಿತ್ತು ಎಂದು ಈಗ ಎಷ್ಟು ತಡಕಿದರೂ ಸಿಗಲಿಲ್ಲ. ಆವತ್ತು ಆ ಕಡೆ ಅವಳು ನೋಡಿಯೇ ಇರಲಿಲ್ಲ.

ಪಾರ್ವತಿ ನೆನಪು ಮಾಡಿಕೊಳ್ಳಲು ನೋಡಿದಳು. ಪರೀಕ್ಷೆಯ ಬಿಸಿಲು ನೆನಪಿತ್ತು, ಬಂಗಾಳಿ ಹೆಂಗಸಿನ ಕೈಯ ಬಳೆ ನೆನಪಿತ್ತು, ಪಿಯಾನೋದ ಮುಚ್ಚಳ ಬಿದ್ದ ಸದ್ದು ನೆನಪಿತ್ತು. ಆ ಸಂಜೆ ಮನೆಗೆ ಬಂದದ್ದು, ಗಂಡ ಆಫೀಸಿನಿಂದ ಬಂದದ್ದು, ಏನೂ ಇರಲಿಲ್ಲ. ಅಲ್ಲಿ ಖಾಲಿ. ಹನ್ನೆರಡು ವರ್ಷ ತಾನು ದಿನಾ ತೆಗೆದು ನೋಡಿ, ಅತ್ತು, ಮತ್ತೆ ಜೋಪಾನವಾಗಿ ಒಳಗಿಟ್ಟ ತಪ್ಪು, ಮಗಳು ಆವತ್ತೇ ಬಸ್ಸಿನಲ್ಲಿ ಕ್ಷಮಿಸಿ ಮರೆತದ್ದು. ಕ್ಷಮಿಸಲಾಗದ್ದನ್ನು ಮಾಡಿದ ಮೇಲೆ ತಾನೇ ಮರೆತುಬಿಟ್ಟಿದ್ದಳು. ಅದನ್ನು ತಿದ್ದಬೇಕಾದರೆ ಯಾರ ಮುಂದೆ ಹೋಗಿ ನಿಲ್ಲಬೇಕೋ ಅವರು ಇಲ್ಲ. ಇರಲಾರದು, ಈ ಹುಡುಗಿ ಎಲ್ಲೋ ತಪ್ಪು ತಿಳಿದಿದ್ದಾಳೆ, ಸಣ್ಣವಳಿದ್ದಳು, ಎಂದು ಮನಸ್ಸು ಒಂದು ಸಲ ಅತ್ತ ಹಾರಿತು.

"ನಂಗೆ ನೆನಪೇ ಇಲ್ಲ ಕಣೇ" ಎಂದಳು. "ನಿಜವಾಗ್ಲೂ ನಾನ್ ಹಾಗಂದ್ನಾ? ಏನಂದೆ, ಹೇಳು."

ನಮ್ರತಾ ಬೇಡವೆಂಬಂತೆ ತಲೆಯಾಡಿಸಿದಳು. ತಾಯಿ ಅವಳ ಮಣಿಕಟ್ಟು ಹಿಡಿದಳು. ಆಗ ಮಗಳು ಮೇಜಿನ ಕಡೆ ನೋಡುತ್ತ, ಮೆಲುದನಿಯಲ್ಲಿ, ಹೇಳಿದಳು. ಮನೆಯಲ್ಲಿ ಇಂಗ್ಲಿಷು ಬೆರೆಸಿ ಅರೆಬರೆ ಕನ್ನಡವಾಡುವ ಹುಡುಗಿಯ ಬಾಯಲ್ಲಿ ಅಚ್ಚ ಮೈಸೂರಿನ ಹೆಂಗಸೊಬ್ಬಳ ಮಾತು ಬಂತು. "ಏನ್ರೀ, ಕೇಳಿದ್ರಾ, ನಿಮ್ಮ ಮುದ್ದಿನ ಮಗಳು ನಾಲ್ಕು ವರ್ಷ ನಮ್ಮೆಲ್ರ ಕಣ್ಣಿಗೂ ಮಣ್ಣೆರಚಿದಾಳೆ. ಒಂದಕ್ಷರ ಓದೋಕ್ ಬರಲ್ಲ ಇವ್ಳಿಗೆ. ನಾನು ಕೂತು ಕೇಳ್ದಾಗೆಲ್ಲ ಬರತ್ತೆ ಬರತ್ತೆ ಅಂತ ಸುಳ್ಳು ಹೇಳ್ತಾ ಬಂದಿದಾಳೆ. ಇನ್ಮೇಲೆ ಇವ್ಳು ಏನೇ ಹೇಳಿದ್ರೂ ನನ್ನ ಒಂದ್ಮಾತು ಕೇಳಿ, ಆಮೇಲೆ ನಂಬಿ."

ರೀ ಎನ್ನುವಲ್ಲಿ ಧ್ವನಿ ಮೇಲಕ್ಕೆ ಹೋಗುವುದು, ಮುದ್ದಿನ ಎನ್ನುವುದರ ಮೇಲೆ ಒಂದಿಷ್ಟು ನಿಲ್ಲುವುದು, ಸುಳ್ಳು ಎನ್ನುವ ಮುಂಚೆ ಉಸಿರೆಳೆದುಕೊಳ್ಳುವುದು. ಪಾರ್ವತಿಗೆ ಆ ಸಂಜೆ ನೆನಪಾಗಲಿಲ್ಲ. ಆದರೆ ಇಂಥದರಲ್ಲಿ ಅವಳ ಕಿವಿ ಜೀವಮಾನದಲ್ಲಿ ಒಂದು ಸಲವೂ ತಪ್ಪಿರಲಿಲ್ಲ, ಮತ್ತು ಆ ಧ್ವನಿ ಅವಳದೇ ಆಗಿತ್ತು.

ಗಣಪಯ್ಯ ಗಲ್ಲೆಯಿಂದಲೇ, "ಇನ್ನೊಂದು ದೋಸೆ ಹಾಕ್ಸುದಾ?" ಎಂದು ಕೂಗಿದ. ಮಗಳನ್ನು ಮನೆಗೆ ಬಾ ಎಂದು ಯಾವ ಬಾಯಿಂದ ಕರೆಯುವುದು ಎಂದು ಪಾರ್ವತಿಗೆ ತಿಳಿಯಲಿಲ್ಲ. ಹಿಡಿದಿದ್ದ ಮಣಿಕಟ್ಟನ್ನು ಬಿಟ್ಟು, "ಇನ್ನೊಂದ್ಸಲ ಹೇಳು" ಎಂದಳು.

ನಮ್ರತಾ ಹೇಳಿದಳು. ಒಂದಕ್ಷರವೂ ಆಚೀಚೆಯಾಗಲಿಲ್ಲ.